ಆರನೇ ನಂಬರಿನ ಸೈಕಲ್ಲು

ಮುಂದಿನ ಗಾಲಿಯ ನಟ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಕ್ಕ ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಹೇರಿದಳು. ನಟ್ಟು ಕಿರ್ರೆಂದು ತಿರುಗಿತು. ಅಷ್ಟರಲ್ಲಿ ಠಾಣೆಯ ಹಿಂಬಾಗಿಲು ತೆರೆದು ಇನ್ಸ್‌ಪೆಕ್ಟರ್ ಹೊರಗೆ ಬಂದರು.

"ನೋಡು ಅಂದಿದ್ದೆ. ಮುಟ್ಟು ಅಂದಿದ್ನಾ?"

"ಕಣ್ಣಲ್ಲಿ ನಟ್ಟು ಬಿಚ್ಚೋ ವಿದ್ಯೆ ನನಗೆ ಬರಲ್ಲ ಸಾರ್."

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಅವರ ಮುಖ ಕಾಣುತ್ತದೆ. ಮುಖ ಕಂಡರೆ ಕೈಯಲ್ಲಿರುವ ಸ್ಪ್ಯಾನರು ಏನು ಮಾಡೀತೋ ಅವಳಿಗೇ ಗೊತ್ತಿರಲಿಲ್ಲ. ಎರಡು ದಿನದಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡುತ್ತಿದ್ದಳು.

ಭಾನುವಾರ ಮಧ್ಯಾಹ್ನ, ಎರಡನೇ ದ್ರಾಕ್ಷಿ ತೋಟದಿಂದ ಮೂರನೆಯದಕ್ಕೆ ಇಳಿಯುವ ದಾರಿಯಲ್ಲಿ, ಇದೇ ಸೈಕಲ್ಲು ಕಲ್ಲಿನ ಗೋಡೆಗೆ ಬಡಿದಿತ್ತು. ಮೇಲೆ ಕೂತಿದ್ದವನು ಅಲ್ಲೇ ಸತ್ತ. ಅಂದಿನಿಂದ ಅವಳ ತಮ್ಮ ಈ ಠಾಣೆಯ ಒಳಗಿದ್ದ.

ತಮ್ಮನ ಕೆಲಸ ದಾರಿ ತೋರಿಸುವುದು. ವಾರಕ್ಕೆರಡು ಸಲ ಎಂಟು ಜನ ಅತಿಥಿಗಳನ್ನು ಸೈಕಲ್ಲಿನ ಮೇಲೆ ಕೂರಿಸಿ, ಮೂರು ತೋಟ ಸುತ್ತಿಸಿ, ಮೂರೂ ಕಡೆ ವೈನಿನ ರುಚಿ ತೋರಿಸಿ, ಸಂಜೆಗೆ ವಾಪಸು ತಂದುಬಿಡುವುದು. ಸೈಕಲ್ಲುಗಳು ಅಕ್ಕನವು. ಅವುಗಳ ಗಾಲಿ, ಸರಪಳಿ, ಬ್ರೇಕು ಎಲ್ಲ ಅವಳ ಜವಾಬ್ದಾರಿ. ತಮ್ಮ ಸಾಲಿನ ಮುಂದೆ, ಅವಳು ಸಾಲಿನ ಹಿಂದೆ ವ್ಯಾನಿನಲ್ಲಿ. ಆರು ವರ್ಷದಿಂದ ಹೀಗೇ ನಡೆದಿತ್ತು. ಮೊಣಕಾಲು ಕೆತ್ತಿಕೊಂಡವರಿದ್ದರು, ಬೇಲಿಗೆ ನುಗ್ಗಿದವರಿದ್ದರು. ಸತ್ತವರಿರಲಿಲ್ಲ.

ಇನ್ಸ್‌ಪೆಕ್ಟರರ ಪ್ರಕಾರ ಕೇಸು ತುಂಬ ಸುಲಭದ್ದು. ಅತಿಥಿಗೆ ಕಂಠಪೂರ್ತಿ ಕುಡಿಸಿದ್ದಾರೆ, ಇಳಿಜಾರಿಗೆ ಬಿಟ್ಟಿದ್ದಾರೆ, ಅವನು ಗೋಡೆಗೆ ಹೊಡೆದಿದ್ದಾನೆ. ಹೆಣದ ಅಂಗಿ ಗಬ್ಬೆಂದು ವೈನು ನಾರುತ್ತಿತ್ತಲ್ಲ, ಇನ್ನೇನು ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಅವರು ಭಾನುವಾರವೇ ಕೇಳಿದ್ದರು.

ಬೇಕು ಎಂದು ಅಕ್ಕ ಭಾನುವಾರವೇ ಹೇಳಿದ್ದಳು. ಸತ್ತವನು ರುಚಿಗಾರ. ಊರೂರು ತಿರುಗಿ ವೈನಿಗೆ ಅಂಕ ಕೊಡುವುದೇ ಅವನ ಉದ್ಯೋಗ. ಅಂಥವರು ಬಾಯಿಗೆ ಹಾಕಿಕೊಳ್ಳುತ್ತಾರೆ, ಮುಕ್ಕಳಿಸುತ್ತಾರೆ, ಪಕ್ಕದ ಬಕೆಟ್ಟಿಗೆ ಉಗುಳುತ್ತಾರೆ. ಒಂದು ಗುಟುಕು ಒಳಗೆ ಹೋದರೂ ಮುಂದಿನ ಲೋಟದ ಲೆಕ್ಕ ತಪ್ಪುತ್ತದಂತೆ. ಅಂಗಿಯ ವಾಸನೆ ಬಂದದ್ದು ಅವನ ಕೈಚೀಲದಲ್ಲಿ ಒಡೆದ ಬಾಟಲಿಯಿಂದ. ಇದನ್ನೆಲ್ಲ ಅವಳು ಮೂರು ಸಲ ಹೇಳಿದ್ದಳು. ರಕ್ತದ ವರದಿ ಬರಲಿ ಎಂದು ಅವರು ಮೂರು ಸಲ ಹೇಳಿದ್ದರು.

ಈಗ ಅವಳು ಬ್ರೇಕಿನ ರಬ್ಬರನ್ನು ಕಳಚಿ ಬೆಳಕಿಗೆ ಹಿಡಿದಳು. ರಬ್ಬರಿನ ಮುಖದ ಮೇಲೆ ತೆಳುವಾಗಿ ಏನೋ ಬಳಿದಿತ್ತು. ಉಗುರಿನಿಂದ ಕೆರೆದಳು. ಉಗುರಿನ ಸಂದಿಯಲ್ಲಿ ಬೆಣ್ಣೆಯಂಥದ್ದು ಸಿಕ್ಕಿಕೊಂಡಿತು. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ.

"ಸಾರ್, ಇಲ್ಲಿ ಬನ್ನಿ."

"ಗ್ರೀಸು. ಸೈಕಲ್ಲಿಗೆ ಗ್ರೀಸಿರದೆ ಗಂಧ ಇರತ್ತಾ?"

"ಇದು ಬಿಳೀದು. ನನ್ನ ಅಂಗಡೀಲಿ ಇರೋದು ಕರೀದು, ಮಾರು ದೂರಕ್ಕೆ ನಾರತ್ತೆ." ಅವಳು ತನ್ನ ಎಡಗೈಯನ್ನು ಅವರ ಮೂಗಿನ ಹತ್ತಿರ ಒಯ್ದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಈ ಬಿಳೀದನ್ನ ಹಣ್ಣು ಹಿಂಡೋ ಯಂತ್ರಕ್ಕೆ ಹಾಕ್ತಾರೆ. ರಸಕ್ಕೆ ಬಿದ್ರೂ ಯಾರೂ ಸಾಯಬಾರದು ಅಂತ ಬೇರೆ ಥರ ಮಾಡಿರ್ತಾರೆ. ಅದನ್ನ ತಂದು ನನ್ನ ಬ್ರೇಕಿಗೆ ಹಚ್ಚಿದ್ದಾರೆ ಸಾರ್. ಕೊಲ್ಲೋಕೆ."

ಇನ್ಸ್‌ಪೆಕ್ಟರ್ ಮೊದಲ ಬಾರಿಗೆ ಬಗ್ಗಿ ನೋಡಿದರು. ಅವರು ಕೆಟ್ಟವರಲ್ಲ, ಸುಸ್ತಾದವರು. ಸುಲಭದ ಕೇಸು ಕೈ ಬಿಟ್ಟು ಹೋಗುವಾಗ ಮನುಷ್ಯನ ಮುಖ ಹೇಗೆ ಸಪ್ಪಗಾಗುತ್ತದೋ ಹಾಗಾಯಿತು.

ಅಕ್ಕ ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಬ್ರೇಕಿನ ರಬ್ಬರು ಉಜ್ಜುವುದು ರಿಮ್ಮಿನ ಮೇಲಂಚನ್ನು ಮಾತ್ರ. ಅಲ್ಲಿ ಗ್ರೀಸು ಸಮನಾಗಿ ಹರಡಿತ್ತು. ಅದರ ಕೆಳಗೆ, ರಬ್ಬರು ಮುಟ್ಟದ ಜಾಗದಲ್ಲಿ, ಧೂಳು ಮೆತ್ತಿಕೊಂಡ ಗುರುತುಗಳು ಉಳಿದಿದ್ದವು. ಅರ್ಧಚಂದ್ರದ ಆಕಾರ. ಹೆಬ್ಬೆರಳಿನಷ್ಟು ಅಗಲ. ಎರಡು ಕಡ್ಡಿಗೆ ಒಂದು, ಮತ್ತೆ ಎರಡು ಕಡ್ಡಿಗೆ ಒಂದು. ಗಾಲಿ ಪೂರ್ತಿ ಸುತ್ತಿದರೂ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಹಿಂದಿನ ಗಾಲಿಯಲ್ಲೂ ಅದೇ.

ಕೊಲ್ಲುವ ಅವಸರದಲ್ಲಿರುವವನು ಕೈಗೆ ಸಿಕ್ಕಷ್ಟು ತೆಗೆದು ಗಬಗಬ ಬಳಿಯುತ್ತಾನೆ. ಇದು ಹಾಗಿರಲಿಲ್ಲ. ಇದು ಕೆಲಸ ಗೊತ್ತಿದ್ದವರ ಕೈ.

ಅವಳಿಗೆ ಏನೋ ಹೊಳೆದ ಹಾಗಾಯಿತು. ಹೊಳೆದದ್ದನ್ನು ಸಿಟ್ಟಿನ ಕಾಲಲ್ಲಿ ಆಚೆ ತಳ್ಳಿದಳು. ಸಿಟ್ಟಿಗೆ ಅವಳ ಬಳಿ ಬೇರೆ ಗುರಿಯಿತ್ತು.

"ಬರ್ಕೊಳ್ಳಿ ಸಾರ್," ಅಂದಳು. "ಬಿಳಿ ಗ್ರೀಸು ಅಂತ. ಯಾರೋ ಬೇಕಂತಲೇ ಹಚ್ಚಿದ್ದು ಅಂತ. ಬರೆದ ಮೇಲೆ ನನ್ನ ಸಹಿ ತಗೊಳ್ಳಿ. ಅಲ್ಲೀವರೆಗೆ ನಾನು ಇಲ್ಲಿಂದ ಏಳಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಅವಳು ಸಹಿ ಹಾಕಿದಳು. ಕಾಗದದ ಅಂಚಿನಲ್ಲಿ ಅವಳ ಕರಿ ಹೆಬ್ಬೆರಳು ಮೂಡಿತು.

*

ಎರಡನೇ ತೋಟದ ಯಜಮಾನನನ್ನು ಎದುರಿಗೆ ಸಾಹುಕಾರರೇ ಅನ್ನುತ್ತಾರೆ, ಹಿಂದಿನಿಂದ ಪೀಪಾಯಿ ಅನ್ನುತ್ತಾರೆ. ವೈನು ಕೂಡಿಡುವ ಪೀಪಾಯಿಗೂ ಅವನಿಗೂ ಸುತ್ತಳತೆಯಲ್ಲಿ ಅಂಥ ವ್ಯತ್ಯಾಸವಿಲ್ಲ.

ವ್ಯಾನು ಓಡಿಸುತ್ತ ಅಕ್ಕ ಭಾನುವಾರವನ್ನು ಮತ್ತೆ ಮತ್ತೆ ಸುತ್ತಿಸಿದಳು. ಆರನೇ ನಂಬರಿನ ಸೈಕಲ್ಲು ರುಚಿಗಾರನದ್ದಲ್ಲ. ಅದಕ್ಕೆ ಎರಡು ಪದರದ ಗಟ್ಟಿ ರಿಮ್ಮು, ದಪ್ಪ ಕಡ್ಡಿ. ಎಲ್ಲರಿಗಿಂತ ಭಾರದ ಆಳಿಗೆ ಆರನೆಯದು ಎನ್ನುವುದು ಅಂಗಡಿಯ ಪದ್ಧತಿ. ತಮ್ಮ ಅದನ್ನು ಆನೆ ಅಂತ ಕರೆಯುತ್ತಿದ್ದ. ಆ ದಿನ ಪೀಪಾಯಿ, ರುಚಿಗಾರನನ್ನು ಒಲಿಸಿಕೊಳ್ಳಲು, ಕೊನೆಯ ಇಳಿಜಾರಿಗೆ ತಾನೂ ಸೈಕಲ್ಲಲ್ಲಿ ಬರುತ್ತೇನೆ ಎಂದಿದ್ದ. ಹಾಗಾಗಿ ಆನೆಯನ್ನು ಬೆಳಿಗ್ಗೆಯೇ ಅವನ ಹಿತ್ತಿಲ ಶೆಡ್ಡಿನಲ್ಲಿ ಇಳಿಸಿದ್ದರು.

ಒಳಗೆ ಒಂದು ಗಂಟೆ ಹೊತ್ತು ವೈನಿನ ರುಚಿ ನಡೆಯಿತು. ಅಕ್ಕ ಗೇಟಿನ ಬಳಿ ವ್ಯಾನಿನ ನೆರಳಲ್ಲಿ ಕೂತಿದ್ದಳು. ತಮ್ಮ ಒಂದು ಸಲ ಎಲ್ಲರ ನೀರಿನ ಬಾಟಲಿ ತುಂಬಿಸಿಕೊಳ್ಳಲು ಹೊರಗೆ ಬಂದು, ಅವಳಿಗೆ ಕೈ ಬೀಸಿ, ಹಿಂದಿನ ನಲ್ಲಿಯ ಕಡೆಗೆ ಹೋಗಿದ್ದ.

ಹೊರಡುವ ಹೊತ್ತಿಗೆ ರುಚಿಗಾರನ ನಾಲ್ಕನೇ ನಂಬರು ಪಂಕ್ಚರ್. ತಮ್ಮ ಉಳಿದವರನ್ನು ಕರೆದುಕೊಂಡು ಆಗಲೇ ಗೇಟು ದಾಟಿದ್ದ. ಆಗ ಪೀಪಾಯಿ ಮೊಣಕಾಲು ಹಿಡಿದುಕೊಂಡು, ನನಗೆ ಆಗಲ್ಲ, ಕಾರಲ್ಲಿ ಬರ್ತೀನಿ, ನನ್ನ ಸೈಕಲ್ ಅವರಿಗೆ ಕೊಡಮ್ಮ, ಬೇಗ, ಎಂದು ಕೂಗಿದ. ಅವಳು ಸೀಟು ಇಳಿಸಿ ಕೊಟ್ಟಳು. ಕೊಡುವ ಮುಂಚೆ ಬ್ರೇಕು ಹಿಡಿದು ನೋಡಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಬಿಡದ ಅಭ್ಯಾಸ, ಆ ಒಂದು ನಿಮಿಷ ಬಿಟ್ಟಿದ್ದಳು.

ಆ ನಿಮಿಷದ ಸಿಟ್ಟು ಬೇರೆ. ಅದನ್ನು ಯಾರ ಮೇಲೂ ಹಾಕುವಂತಿರಲಿಲ್ಲ.

ಪೀಪಾಯಿ ರುಚಿ ನೋಡುವ ಹಜಾರದಲ್ಲಿ ಹೊಸ ಅತಿಥಿಗಳ ಮುಂದೆ ಲೋಟ ತಿರುಗಿಸುತ್ತ ನಿಂತಿದ್ದ. ಆಳು ಸತ್ತು ಎರಡು ದಿನಕ್ಕೆ. ಅಕ್ಕ ನೇರ ಹೋಗಿ, ಸಾಯಿಸೋ ಸೈಕಲ್ಲು ಅಂತ ಗೊತ್ತಿದ್ದೇ ಬಿಟ್ಟುಕೊಟ್ರಾ ಎಂದು ಕೇಳಿದಳು. ಲೋಟಗಳೆಲ್ಲ ನಿಂತವು. ಅವನು ಅವಳನ್ನು ಕಾರಿಡಾರಿಗೆ ಎಳೆದುಕೊಂಡು ಹೋಗಿ, ಬಡಬಡಿಸಿದ. ರುಚಿಗಾರ ಸತ್ತರೆ ತನಗೇನು ಲಾಭ? ಅವನು ಅಂಕ ಕೊಟ್ಟಿದ್ದರೆ ತನ್ನ ಬಾಟಲಿ ಹೊರದೇಶಕ್ಕೆ ಹೋಗುತ್ತಿತ್ತು. ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದ. ಅದು ನಿಜವಾಗಿಯೂ ಊದಿ ಕುಂಬಳಕಾಯಿಯಾಗಿತ್ತು.

"ಗ್ರೀಸು ಬಿಳಿಯೋ ಕರಿಯೋ ನನಗೇನು ಗೊತ್ತು?" ಅಂದ. "ಡಬ್ಬ ಬೀರುವಿನಲ್ಲಿ. ಬೀರುವಿನ ಕೀಲಿ ನಿನ್ನ ಚಿಕ್ಕಪ್ಪನ ಸೊಂಟದಲ್ಲಿ. ನನ್ನನ್ನ ಯಾಕೆ ಕೇಳ್ತೀಯ, ಹೋಗಿ ಅವನನ್ನೇ ಕೇಳು."

ಬಾಗಿಲಿಗೆ ಒದ್ದು ಹೊರಗೆ ಬಂದಳು.

*

ಹಿಂಡುವ ಮನೆ ಹಿತ್ತಿಲ ಕಡೆ, ನಲ್ಲಿಯ ಪಕ್ಕ. ಒಳಗೆ ತಂಪು, ಹುಳಿ ವಾಸನೆ, ತೊಳೆದ ನೆಲ. ಮಧ್ಯದಲ್ಲಿ ಯಂತ್ರ. ಅದರ ಹೊಟ್ಟೆ ಮರದ ಪಟ್ಟಿಗಳದ್ದು. ತಳದಲ್ಲಿ ಎತ್ತಿನಗಾಡಿ ಗಾಲಿಯಷ್ಟು ದೊಡ್ಡ ಕಬ್ಬಿಣದ ಬಳೆ. ಚಿಕ್ಕಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಅಪ್ಪ ಹೋದ ಮೇಲೆ ಅಕ್ಕನನ್ನೂ ತಮ್ಮನನ್ನೂ ಸಾಕಿದವನು ಅವನೇ. ಅವಳ ಕೈಗೆ ಮೊದಲ ಸ್ಪ್ಯಾನರು ಕೊಟ್ಟವನೂ ಅವನೇ. ಮೂವತ್ತು ವರ್ಷ ದ್ರಾಕ್ಷಿ ಹಿಂಡಿದರೂ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡವನಲ್ಲ. ಕಳೆದ ಸುಗ್ಗಿಯಲ್ಲಿ, ಕೆಲಸ ಬೇಗ ಆಗಲಿ ಎಂದು ಪೀಪಾಯಿ ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಕಾಪು ತಗಡನ್ನು ತೆಗೆಸಿದ್ದ. ಆ ವಾರವೇ ಚಿಕ್ಕಪ್ಪನ ಬಲಗೈಯ ತೋರುಬೆರಳು, ನಡುಬೆರಳು ಬಳೆಯೊಳಗೆ ಹೋದವು. ಕುಡಿದು ಕೆಲಸ ಮಾಡ್ತಿದ್ದ, ಅದಕ್ಕೇ ಹಾಗಾಯ್ತು ಎಂದು ಪೀಪಾಯಿ ಊರಿಗೆಲ್ಲ ಹೇಳಿದ. ಊರು ನಂಬಿತು. ತಮ್ಮ ಅವತ್ತು ರಾತ್ರಿ ಊಟ ಬಿಟ್ಟವನು, ಎರಡು ದಿನ ಬಾಯಿ ಬಿಟ್ಟಿರಲಿಲ್ಲ.

"ಬಾ," ಅಂದ ಚಿಕ್ಕಪ್ಪ, ತಿರುಗಿ ನೋಡದೆ. "ನಿನ್ನ ಹೆಜ್ಜೆಗೆ ನೆಲ ನಡುಗತ್ತೆ. ಯಾರನ್ನ ಬಯ್ದು ಬಂದೆ?"

ಅವಳು ಅವನ ಕೈ ನೋಡಿದಳು. ಚಿಕ್ಕಪ್ಪ ಹೆಬ್ಬೆರಳನ್ನು ಡಬ್ಬದಲ್ಲಿ ಅದ್ದಿ ಬಳೆಯ ಅಂಚಿಗೆ ಒತ್ತಿದ. ಬಳೆಯನ್ನು ಗೇಣು ತಿರುಗಿಸಿದ. ಮತ್ತೆ ಅದ್ದಿದ, ಒತ್ತಿದ, ತಿರುಗಿಸಿದ. ಬಳಿಯಲಿಲ್ಲ, ಉಜ್ಜಲಿಲ್ಲ. ಹರಡುವ ಕೆಲಸವನ್ನು ಯಂತ್ರಕ್ಕೇ ಬಿಟ್ಟಿದ್ದ. ಕಬ್ಬಿಣದ ಮೇಲೆ ಬಿಳಿಯ ಅರ್ಧಚಂದ್ರಗಳು ಸಾಲಾಗಿ ಮೂಡುತ್ತ ಹೋದವು. ಒಂದರಿಂದ ಒಂದಕ್ಕೆ ಒಂದೇ ದೂರ.

ಠಾಣೆಯ ಅಂಗಳದಲ್ಲಿ ಆಚೆ ತಳ್ಳಿದ್ದು ವಾಪಸು ಬಂದು ಎದುರು ನಿಂತಿತು.

"ಚಿಕ್ಕಪ್ಪ, ನೀನಾ?"

"ಏನು ನಾನಾ?"

"ಆರನೇ ನಂಬರಿನ ಗಾಲಿ ಮೇಲೆ ಇದೇ ಗುರುತಿದೆ. ಇದೇ ಗ್ರೀಸು. ಇದೇ ಲೆಕ್ಕ. ಒಬ್ಬ ಮನುಷ್ಯ ಸತ್ತಿದ್ದಾನೆ. ನನ್ನ ತಮ್ಮ ಜೈಲಿನ ಬಾಗಿಲಲ್ಲಿ ಕೂತಿದ್ದಾನೆ. ನೀನು ಇಲ್ಲಿ ತಣ್ಣಗೆ ಕೂತು ಗ್ರೀಸು ಹಚ್ತಿದೀಯ."

ಅವನ ಹೆಬ್ಬೆರಳು ಡಬ್ಬದ ಮೇಲೆ ನಿಂತಿತು. ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದ. ಮೊಳೆಗೆ ಆಸ್ಪತ್ರೆಯ ಚೀಟಿ ಸಿಕ್ಕಿಸಿತ್ತು. ಭಾನುವಾರದ ತಾರೀಖು. ಇನ್ನೂ ಮಾಯದ ಕೈಗೆ ಪಟ್ಟಿ ಕಟ್ಟಿಸಿಕೊಂಡದ್ದು.

"ಭಾನುವಾರ ನಾನು ಇಲ್ಲಿರಲಿಲ್ಲ."

"ಮತ್ತೆ ಇನ್ಯಾರಿಗೆ ಹೀಗೆ ಹಚ್ಚೋಕೆ ಬರತ್ತೆ?"

"ನಿನಗೆ ಬರತ್ತೆ. ನಾನೇ ಕಲಿಸಿದ್ದು."

"ನನಗೆ ನೀನು ಕಲಿಸಿದ್ದು ಮೂರು ಬೆರಳಲ್ಲಿ." ಅವಳು ತೋರುಬೆರಳು, ನಡುಬೆರಳು, ಉಂಗುರದ ಬೆರಳು ಕೂಡಿಸಿ ಎತ್ತಿ ಹಿಡಿದಳು. "ನಿನಗೆ ಬೆರಳು ಇದ್ದಾಗ. ಈ ಹೆಬ್ಬೆರಳಿನ ಒತ್ತು ನಿನಗೆ ಬಂದಿದ್ದು ಬೆರಳು ಹೋದಮೇಲೆ. ಅದನ್ನ ನನಗೆ ನೀನು ಕಲಿಸಿಲ್ಲ."

ಹೇಳಿದ ಮೇಲೆ ತಾನೇ ಹೇಳಿದ್ದು ಅವಳ ಕಿವಿಗೆ ಬಿತ್ತು.

ಬೆರಳು ಹೋದ ಮೇಲೆ ಕಲಿತವನು ಒಬ್ಬನೇ. ಚಿಕ್ಕಪ್ಪ ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಯಂತ್ರಕ್ಕೆ ಗ್ರೀಸು ಹಚ್ಚಲು ಒಬ್ಬರು ಬೇಕು, ದಾರಿಯಲ್ಲೇ ಬರ್ತೀನಲ್ಲ, ನಾನೇ ಮಾಡ್ತೀನಿ ಬಿಡು ಎಂದವನು. ಹತ್ತು ಬೆರಳು ನೆಟ್ಟಗಿದ್ದೂ, ಕಣ್ಣಿಂದ ಕಂಡದ್ದನ್ನು ಹಾಗೇ ಕಲಿತು, ಬರೀ ಹೆಬ್ಬೆರಳಲ್ಲಿ ಒತ್ತುವವನು. ಅವಳ ತಮ್ಮ.

"ಕೀಲಿ," ಅಂದಳು. "ಭಾನುವಾರ ಬೀರುವಿನ ಕೀಲಿ ಯಾರ ಹತ್ರ ಇತ್ತು ಚಿಕ್ಕಪ್ಪ?"

ಚಿಕ್ಕಪ್ಪ ಡಬ್ಬದ ಮುಚ್ಚಳ ಹಾಕಿದ. ಅವನ ದನಿ ಏರಲಿಲ್ಲ, ಆದರೆ ಅದರಲ್ಲಿ ಅವಳು ಎಂದೂ ಕೇಳದ ಒಂದು ವಿಷವಿತ್ತು.

"ಆ ಸೈಕಲ್ಲಿನ ಮೇಲೆ ಪೀಪಾಯಿ ಕೂತಿದ್ದಿದ್ರೆ, ಗೋಡೆಗೆ ಹೊಡೆದದ್ದು ಅವನ ತಲೆ ಆಗಿದ್ದಿದ್ರೆ, ನಿನಗೆ ಇಷ್ಟು ಸಿಟ್ಟು ಬರ್ತಿತ್ತಾ?"

"ಕೀಲಿ ಕೇಳಿದೆ."

"ನಾನೂ ಒಂದು ಕೇಳಿದೆ."

ಅವಳು ವ್ಯಾನಿನ ಕಡೆ ನಡೆದಳು.

*

ಠಾಣೆಯ ಗಡಿಯಾರದಲ್ಲಿ ಐದೂವರೆ. ದಾರಿಯುದ್ದಕ್ಕೂ ಅವಳು ಒಂದು ನಿರ್ಧಾರವನ್ನು ಹಲ್ಲು ಕಚ್ಚಿ ಹಿಡಿದುಕೊಂಡು ಬಂದಿದ್ದಳು. ತಮ್ಮನನ್ನು ಮನೆಗೆ ಕರೆದೊಯ್ಯಬೇಕು. ಬಾಗಿಲು ಹಾಕಿಕೊಂಡು ಕೆನ್ನೆಗೆ ಬಾರಿಸಬೇಕು. ಆಮೇಲೆ ಕೇಳಬೇಕು. ಹೊರಗಿನವರ ಎದುರು ಮಾತ್ರ ತುಟಿ ಪಿಟಕ್ಕೆನ್ನಬಾರದು.

ಇನ್ಸ್‌ಪೆಕ್ಟರ್ ಅವಳಿಗೆ ಕುರ್ಚಿ ತೋರಿಸಿದರು. ಎರಡು ದಿನದಲ್ಲಿ ಇದೇ ಮೊದಲು.

"ನೀನೇ ಗೆದ್ದೆ ಕಣಮ್ಮ. ರಕ್ತದಲ್ಲಿ ಹನಿ ವೈನಿಲ್ಲ. ನಿನ್ನ ತಮ್ಮನ ಮೇಲಿನ ಕುಡಿಸಿದ ಆರೋಪ ಬಿತ್ತು. ಸಹಿ ಹಾಕಿದ್ರೆ ಈಗಲೇ ಕರ್ಕೊಂಡು ಹೋಗು." ಅವರು ಕಾಗದ ಸರಿಸಿದರು. ನಂತರ ಇನ್ನೊಂದು ಕಾಗದದ ಮೇಲೆ ಕೈಯಿಟ್ಟರು. ಅದರ ಅಂಚಿನಲ್ಲಿ ಕರಿ ಹೆಬ್ಬೆರಳಿನ ಗುರುತಿತ್ತು. "ಇನ್ನು ಇದು ಕೊಲೆ ಕೇಸು. ನೀನೇ ಬರೆಸಿದ್ದು. ನಾಳೆ ಬೆಳಿಗ್ಗೆ ಆ ಹಿಂಡೋ ಮನೆಗೆ ಹೋಗ್ತೀನಿ. ಗ್ರೀಸಿನ ಡಬ್ಬ ಎಲ್ಲಿಡ್ತಾರೆ, ಅದರ ಕೀಲಿ ಯಾರ್ಯಾರ ಕೈಗೆ ಹೋಗಿತ್ತು, ಎಲ್ಲ ನೋಡ್ತೀನಿ."

ಅಕ್ಕ ಆ ಗುರುತನ್ನು ನೋಡಿದಳು. ಬೆಳಿಗ್ಗೆ ಅಂಗಳದಲ್ಲಿ ಕೂತು, ಏಳಲ್ಲ ಅಂತ ಹಟ ಹಿಡಿದು, ತಾನೇ ಹೊಸೆದ ಹಗ್ಗ.

ತಮ್ಮನನ್ನು ಕರೆತಂದರು. ಸೈಕಲ್ಲಿನ ಅರ್ಧ ಚಡ್ಡಿ, ಮೀನಖಂಡದ ಮೇಲೆ ಬಿಸಿಲಿನ ಗೆರೆ, ಅತಿಥಿಗಳನ್ನು ನಗಿಸುವ ಮುಖದಲ್ಲಿ ಎರಡು ದಿನದ ಗಡ್ಡ. ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ.

"ಬಾ ಹೋಗೋಣ," ಅಂದಳು. ಬೇರೇನು ಹೇಳಿದರೂ ಕೂಗಿಬಿಡುತ್ತಿದ್ದಳು.

ಅವನು ಕದಲಲಿಲ್ಲ. ಅವಳ ಉಗುರಿನ ಕಡೆ ನೋಡುತ್ತಿದ್ದ. ಸಂದಿಯಲ್ಲಿ ಬಿಳಿ ಇನ್ನೂ ಇತ್ತು.

"ಅಕ್ಕ," ಅಂದ ತಗ್ಗಿದ ದನಿಯಲ್ಲಿ, "ಆನೇನ ಅವರಿಗೆ ಯಾಕೆ ಕೊಟ್ಟೆ?"

ಅದರಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಎಂಟು ವರ್ಷದವನಿದ್ದಾಗ ಚಿಕ್ಕಪ್ಪನ ಗಡಿಯಾರ ಬಿಚ್ಚಿ ಕೂಡಿಸಲಾಗದೆ ಕೂತಾಗ ಇದೇ ದನಿಯಲ್ಲಿ ಮಾತಾಡಿದ್ದ. ಅವತ್ತು ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು.

ಆಗ ಅವಳಿಗೆ ಗೋಡೆಯ ಮೇಲಿನ ಚೀಟಿ ಕಣ್ಣಿಗೆ ಕಟ್ಟಿತು. ತಾರೀಖಿನ ಪಕ್ಕದಲ್ಲೇ ವೇಳೆಯೂ ಇತ್ತು, ಸಿಟ್ಟಿನಲ್ಲಿ ನೋಡಿಯೂ ಓದಿರಲಿಲ್ಲ. ಬೆಳಿಗ್ಗೆ ಎಂಟೂವರೆ. ಆಸ್ಪತ್ರೆಯಿಂದ ತೋಟಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ, ಚಿಕ್ಕಪ್ಪ ಹತ್ತಕ್ಕೆಲ್ಲ ಮರಳಿರಬಹುದು. ರುಚಿಗಾರ ಗೋಡೆಗೆ ಬಡಿದದ್ದು ಒಂದು ಗಂಟೆಗೆ. ನೀರು ತುಂಬಿಸಲು ನಲ್ಲಿಗೆ ಹೋದವನು ಹಿಂಡುವ ಮನೆಯ ಬಾಗಿಲಲ್ಲಿ ಯಾರನ್ನು ಕಂಡ? ಅಥವಾ ಯಾರೂ ಇಲ್ಲದ್ದನ್ನು ಕಂಡನೋ?

ಇವನು ಕೊಂದವನೋ, ಕೊಂದವನನ್ನು ಬಲ್ಲವನೋ?

"ಸಹಿ ಹಾಕಪ್ಪ," ಇನ್ಸ್‌ಪೆಕ್ಟರ್ ಪೆನ್ನು ಚಾಚಿದರು. "ಅಕ್ಕ ನಿನಗೋಸ್ಕರ ಎರಡು ದಿನ ನನ್ನ ತಲೆ ತಿಂದಿದ್ದಾಳೆ. ಮನೆಗೆ ಹೋಗಿ ಮಲಗು."

"ಹಾಕೋ," ಅಂದಳು ಅಕ್ಕ. ಹಲ್ಲಿನ ನಡುವಿನಿಂದ ಬಂತು ಮಾತು. "ನನ್ನ ಮಾತು ಕೇಳು. ಈಗ ಹಾಕು. ಉಳಿದದ್ದು ಮನೇಲಿ."

ತಮ್ಮ ಕಂಕುಳಿಂದ ಬಲಗೈ ತೆಗೆದ. ಪೆನ್ನನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ಇನ್ಸ್‌ಪೆಕ್ಟರರ ಮೇಜಿನ ಮೇಲೆ ನೆಟ್ಟಗೆ ಇಟ್ಟ. ಕಾಗದವನ್ನು ಹೆಬ್ಬೆರಳಲ್ಲಿ ಒತ್ತಿ ಹಿಂದಕ್ಕೆ ಸರಿಸಿದ.

"ನಾನು ಬರಲ್ಲ," ಅಂದ, ಕಡ್ಡಿ ಮುರಿದ ಹಾಗೆ.